ಗೇಟಿಗೆ ತೂಗುಹಾಕಿದ ಪೊರಕೆ

ಓಟ್ಮಾರನ ಆ ಭಾನುವಾರದ ಪಡಿಪಾಟಲಿಗೆಲ್ಲ ಕಾರಣ ಒಂದು ಪೊರಕೆ. ಹೊಸದೂ ಅಲ್ಲ, ಬರ್ಚ್ ಕಡ್ಡಿ ಕಟ್ಟಿದ, ಅರ್ಧ ಸವೆದ ಹಳೇ ಪೊರಕೆ.

ಆ ವಾರ ಬೀದಿ ಗುಡಿಸುವ ಸರದಿ ಅವನ ಮನೆಯದು. ನಮ್ಮ ಹಿರ್ಸೆನ್‌ಬಾಕಿನಲ್ಲಿ ಸರದಿ ತಪ್ಪಿಸಿದವನಿಗೆ ಸತ್ತ ಮೇಲೆ ಸ್ವರ್ಗವಿಲ್ಲ, ಬದುಕಿದ್ದಾಗ ಅಕ್ಕಪಕ್ಕದವರ ನಮಸ್ಕಾರವಿಲ್ಲ. ಹೆಂಡತಿ ಹೆಡ್ವಿಗ್ ಶನಿವಾರ ಬೆಳಗ್ಗೆ ಸೈಕಲ್ ಹತ್ತಿ ತಂಗಿಯ ಊರಿಗೆ ಹೊರಡುವಾಗ ಬಾಗಿಲಲ್ಲೇ ನಿಂತು ಹೇಳಿದ್ದಳು: "ಚೆನ್ನಾಗಿ ಗುಡಿಸು. ಪೊರಕೆ ಒಳಗಿಡು. ಫ್ರೀಡಕ್ಕನ ಬಾಯಿಗೆ ಸಿಕ್ಕಬೇಡ." ಓಟ್ಮಾರ್ ಗುಡಿಸಿದ. ಕಲ್ಲುಹಾಸಿನ ಸಂದಿಯಲ್ಲಿದ್ದ ಇರುವೆಯನ್ನೂ ಬಿಡದೆ ಗುಡಿಸಿದ. ಆಮೇಲೆ ಪೊರಕೆ ತೊಳೆದು, ಒಣಗಲಿ ಎಂದು ಗೇಟಿನ ಕೊಕ್ಕೆಗೆ ತೂಗುಹಾಕಿ ಒಳಗೆ ಹೋದ. ಹೋದವನು ಅದನ್ನು ಮರೆತ.

ಬೇರೆ ಯಾವ ಊರಿನಲ್ಲಾದರೂ ಇದರಿಂದ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ನಮ್ಮ ದ್ರಾಕ್ಷಿ ಸೀಮೆಯಲ್ಲಿ ಗೇಟಿಗೆ ಪೊರಕೆ ತೂಗುಬಿಟ್ಟರೆ, 'ನಮ್ಮ ಮನೆಯ ವೈನು ತಯಾರಿದೆ, ಬನ್ನಿ, ಕೂತು ಕುಡಿಯಿರಿ' ಎಂದು ಊರಿಗೆಲ್ಲ ಸಾರಿದ ಹಾಗೆ. ಬೋರ್ಡು ಬೇಡ, ಡಂಗುರ ಬೇಡ. ಪೊರಕೆ ಕಂಡರೆ ದಾರಿಹೋಕರು ಕೇಳದೆ ಅಂಗಳಕ್ಕೆ ನುಗ್ಗಬಹುದು. ಪೀಪಾಯಿ ಬರಿದಾದ ದಿನ ಪೊರಕೆ ಇಳಿಯುತ್ತದೆ. ಮುತ್ತಾತಂದಿರ ಕಾಲದಿಂದ ಹೀಗೇ.

ಅದೂ ಎಂಥ ಭಾನುವಾರ! ಕಣಿವೆಯ ವೈನ್ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾರು, ಲಾರಿ, ಟ್ರ್ಯಾಕ್ಟರ್ ಎಲ್ಲಕ್ಕೂ ತಡೆ ಹಾಕಿ, ಬೆಳಗಿನಿಂದ ಸಂಜೆವರೆಗೆ ಬರೀ ಸೈಕಲ್ಲುಗಳನ್ನು ಬಿಡುವ ಭಾನುವಾರ. ಸ್ಟುಟ್‌ಗಾರ್ಟಿನಿಂದ, ಹೈಲ್‌ಬ್ರಾನಿನಿಂದ ಜನ ಜಾತ್ರೆಯಂತೆ ಬರುತ್ತಾರೆ. ದ್ರಾಕ್ಷಿ ಗುಡ್ಡ ಹತ್ತಿ ಇಳಿದು, ಮತ್ತೆ ಹತ್ತಿ, ನಾಲಿಗೆ ಎದೆಗೆ ಬಂದಾಗ ನಮ್ಮೂರಿನ ಹಳೇ ಕೋಟೆ ಬಾಗಿಲು ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಎಡಕ್ಕೆ ಮೊದಲನೆಯ ಮನೆ ಓಟ್ಮಾರನದು.

ಓಟ್ಮಾರ್ ಹೊಟ್ಟೆಪಾಡಿಗೆ ಮನೆಮನೆಯ ನೀರಿನ ಮೀಟರ್ ಓದುವವನು. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಗುಡ್ಡದ ನಡುಮಧ್ಯದಲ್ಲಿ ಕಲ್ಲುಗೋಡೆ ಕಟ್ಟಿದ ಒಂದು ತುಂಡು ದ್ರಾಕ್ಷಿ ತಾಕು. ಅದಕ್ಕೆ ಹತ್ತುವ ಮೆಟ್ಟಿಲು ಏಣಿಗಿಂತ ಕಡಿದು. ಅಲ್ಲಿಂದ ವರ್ಷಕ್ಕೆ ಒಂದು ಪೀಪಾಯಿ ಕೆಂಪು ವೈನು ಮಾಡುತ್ತಿದ್ದ. ಅದನ್ನು ಊರವರು ಕರೆಯುತ್ತಿದ್ದುದು ಮೂರಾಳಿನ ವೈನು ಎಂದು. ಕುಡಿಯುವುದಕ್ಕೆ ಒಬ್ಬ, ಅವನನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಕ್ಕೆ ಇಬ್ಬರು. ಬರುಬರುತ್ತ ಯಾರೂ ಮೊದಲ ಗುಟುಕಿಗೂ ಒಪ್ಪದಾದರು. ಓಟ್ಮಾರ್ ಗ್ಲಾಸು ಹಿಡಿದು ಬಂದರೆ ಒಬ್ಬನಿಗೆ ಹೊಟ್ಟೆ ಸರಿಯಿಲ್ಲ, ಇನ್ನೊಬ್ಬನಿಗೆ ಹಲ್ಲುನೋವು, ಪಾದ್ರಿಗಳಿಗೆ ಉಪವಾಸ.

ಆ ತಾಕಿನ ಮೇಲೆ ಕಣ್ಣಿಟ್ಟವನು ವೆಂಡೆಲಿನ್. ಊರಿನ ಕೆಳತುದಿಯಲ್ಲಿ ಅವನದು ನಿಜವಾದ, ಪರವಾನಗಿ ಇರುವ ಪೊರಕೆ ಅಂಗಳ. ಸುತ್ತಲ ಗುಡ್ಡವೆಲ್ಲ ಅವನದೇ, ನಡುವೆ ಅಂಗಿಗೆ ಹಾಕಿದ ತೇಪೆಯ ಹಾಗೆ ಓಟ್ಮಾರನ ತಾಕು. ವಸಂತದಲ್ಲಿ ಓಟ್ಮಾರನ ಮೊಣಕಾಲು ಕುಂಬಳಕಾಯಿಯಂತೆ ಊದಿಕೊಂಡಾಗ ಹೆಡ್ವಿಗ್ ಕೂಡ "ಕೊಟ್ಟುಬಿಡು ಮಾರಾಯ" ಎಂದು ಅತ್ತಳು. ಓಟ್ಮಾರನಿಗೆ ಮನಸ್ಸಾಗಲಿಲ್ಲ. ಅಪ್ಪ ಬೆನ್ನ ಮೇಲೆ ಮಣ್ಣು ಹೊತ್ತು ಕಟ್ಟಿದ ಜಾಗ ಅದು. ಆಗ ವೆಂಡೆಲಿನ್ ಊರವರ ಎದುರು ನಗುತ್ತ ಕೈ ಚಾಚಿದ್ದ:

"ಒಂದು ಕೆಲಸ ಮಾಡೋಣ ಓಟ್ಮಾರ್. ನಿನ್ನ ನೆಂಟನಲ್ಲದ ಒಬ್ಬ ನರಮನುಷ್ಯ ನಿನ್ನ ವೈನು ಕುಡಿದು, ತಾನಾಗಿ ಎರಡನೇ ಗ್ಲಾಸ್ ಕೇಳ್ಲಿ. ನಾನದನ್ನ ಕಿವಿಯಾರೆ ಕೇಳ್ಬೇಕು. ಕೇಳಿದ್ರೆ ಇನ್ನು ಜನ್ಮದಲ್ಲಿ ನಿನ್ನ ತಾಕಿನ ಸುದ್ದಿಗೆ ಬರಲ್ಲ. ಈ ಸಲದ ಕೊಯ್ಲು ಶುರುವಾಗೋ ತನಕ ಟೈಮು. ಆಗಲಿಲ್ವಾ, ಜಾಗ ನನಗೆ ಬಿಟ್ಟುಕೊಡು."

ಓಟ್ಮಾರ್ ಆ ಕೈಗೆ ಕೈ ಕೊಟ್ಟು ಒಪ್ಪಿದ್ದ. ನಮ್ಮಲ್ಲಿ ಕೈ ಕೊಟ್ಟರೆ ಮುಗಿಯಿತು, ಕಾಗದ ಪತ್ರ ಕೇಳುವವನನ್ನು ಕಳ್ಳನೆಂದುಕೊಳ್ಳುತ್ತಾರೆ. ಕೊಯ್ಲು ಶುರುವಾಗುವುದು ಸೋಮವಾರ ಬೆಳಗ್ಗೆ. ಭಾನುವಾರದವರೆಗೆ ಎರಡನೇ ಗ್ಲಾಸಿನ ಮಾತಿರಲಿ, ಮೊದಲನೆಯದನ್ನೇ ಯಾರೂ ಮುಟ್ಟಿರಲಿಲ್ಲ.

ಹೀಗಿರುವಾಗ ಆ ಬೆಳಗ್ಗೆ ಓಟ್ಮಾರ್ ಬನಿಯನ್ನಿನಲ್ಲಿ ಅಂಗಳದ ಮೇಜಿಗೆ ಕೂತು, ಕಾಫಿ ಬಟ್ಟಲು ಮುಂದಿಟ್ಟುಕೊಂಡು ಅಪ್ಪನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದ. ಗೇಟು ಕಿರುಗುಟ್ಟಿತು. ಎರಡು ಸೀಟಿನ ಉದ್ದ ಸೈಕಲ್ಲೊಂದನ್ನು ತಳ್ಳಿಕೊಂಡು ವಯಸ್ಸಾದ ಗಂಡ ಹೆಂಡತಿ ಒಳಗೆ ಬಂದರು.

"ಯಜಮಾನ್ರೇ, ಎಲ್ಲಿ ಕೂತ್ಕೊಳೋದು?" ಎಂದ ಗಂಡ.

"ಯಾಕೆ ಕೂತ್ಕೊಳೋದು?" ಎಂದ ಓಟ್ಮಾರ್.

"ನಿಂತ್ಕೊಂಡೇ ಕುಡಿಯೋ ಪದ್ಧತೀನಾ ನಿಮ್ಮೂರಲ್ಲಿ?"

ಓಟ್ಮಾರ್ ಗಡಿಬಿಡಿಯಿಂದ ಎರಡು ಲೋಟ ನೀರು ತಂದಿಟ್ಟ. ಹೆಂಗಸು ಮೀನಖಂಡ ಒತ್ತಿಕೊಳ್ಳುತ್ತಾ ನೀರನ್ನೂ ಅವನನ್ನೂ ನೋಡಿದಳು. "ನೀರು ನಮ್ಮ ಬಾಟ್ಲಿಯಲ್ಲೇ ಇದೆಯಪ್ಪಾ. ನಾವು ಬಂದಿದ್ದು ಪೊರಕೆ ನೋಡಿ."

ಆಗ ಓಟ್ಮಾರನಿಗೆ ಗೇಟಿನ ನೆನಪು ಬಂತು. 'ಇಲ್ಲಮ್ಮ, ಅದು ಬೀದಿ ಗುಡಿಸಿದ ಪೊರಕೆ' ಎನ್ನಬೇಕಿತ್ತು. ಹೇಳಲೆಂದು ಬಾಯಿಯನ್ನೂ ತೆರೆದ. ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ತಾವಾಗಿ ಬಂದು ಅವನ ವೈನು ಕೇಳಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು ಸೀದಾ ನೆಲಮಾಳಿಗೆಗೆ ಇಳಿದ.

ಹೆಂಗಸು ಮೊದಲ ಗುಟುಕು ಕುಡಿಯುವಾಗ ಓಟ್ಮಾರ್ ಅವಳ ಹುಬ್ಬನ್ನೇ ನೋಡುತ್ತಿದ್ದ. ಊರವರ ಹುಬ್ಬು ಈ ಹೊತ್ತಿಗೆ ಗಂಟಿಕ್ಕಿಕೊಳ್ಳುತ್ತಿತ್ತು. ಇವಳ ಹುಬ್ಬು ಮೇಲಕ್ಕೆ ಹೋಯಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗ್ಲಾಸು ಬರಿದಾಯಿತು.

"ಇನ್ನೊಂದು ಕೊಡಿ," ಎಂದಳು.

ಓಟ್ಮಾರ್ ಪಕ್ಕದ ಬೆಂಚಿಗೆ ಕುಸಿದ. "ಏನಂದ್ರಿ?"

"ಇನ್ನೊಂದು ಗ್ಲಾಸ್ ಅಂದೆ."

"ಅಮ್ಮಾ, ನಿಮ್ಮ ದಮ್ಮಯ್ಯ, ಇನ್ನೊಂದ್ಸಲ ಹೇಳಿ."

"ಪಾಪ, ಕಿವಿ ಮಂದ ಇವರಿಗೆ," ಎಂದ ಗಂಡ. ಆಮೇಲೆ ಕೈಯನ್ನು ಬಾಯಿಗೆ ಕಹಳೆಯಂತೆ ಹಿಡಿದು ಕೂಗಿದ, "ಇನ್ನೊಂದು ಗ್ಲಾಸ್!"

ಓಟ್ಮಾರನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮರುಕ್ಷಣವೇ ಅದೇ ಹಾಲು ಒಡೆಯಿತು. ವೆಂಡೆಲಿನ್ ಕಿವಿಯಾರೆ ಕೇಳಬೇಕಲ್ಲ! ಅವನಿರುವುದು ಊರಿನ ಕೆಳತುದಿಯಲ್ಲಿ, ಸದ್ಯಕ್ಕೆ ಪಕ್ಕದ ಮನೆಯವರಾದರೂ ಕೇಳಲಿ. "ಇಲ್ಲೇ ಇರಿ, ಅಲ್ಲಾಡಬೇಡಿ. ಒಬ್ಬ ಸಾಕ್ಷಿಯನ್ನ ಕರ್ಕೊಂಡು ಬರ್ತೀನಿ, ಅವರೆದುರು ಹೀಗೇ ಕೂಗಬೇಕು!" ಎಂದು ಬನಿಯನ್ನಿನಲ್ಲೇ ಪಕ್ಕದ ಮನೆಗೆ ಓಡಿದ. ವೈನು ಕುಡಿದಿದ್ದಕ್ಕೆ ಸಾಕ್ಷಿ ಹಿಡಿಯುವ ಊರು ಇದು ಎಂದು ಹೆದರಿದ ದಂಪತಿ, ಅವನು ತಂದಿಟ್ಟಿದ್ದ ಜಗ್ಗಿನಿಂದ ಎರಡನೇ ಗ್ಲಾಸನ್ನು ತಾವೇ ಹುಯ್ದುಕೊಂಡು, ನಿಂತಲ್ಲೇ ಮುಗಿಸಿ ಸೈಕಲ್ ಹತ್ತಿ ಪರಾರಿಯಾದರು.

ಪಕ್ಕದ ಮನೆಯ ಫ್ರೀಡಕ್ಕ ಅದಾಗಲೇ ಬಾಗಿಲಲ್ಲೇ ಕಾದಿದ್ದಳು. ಊರಿನಲ್ಲಿ ಯಾರ ಮನೆ ಹಾಲು ಉಕ್ಕಿದರೂ ಮೊದಲು ವಾಸನೆ ಹಿಡಿಯುವವಳು ಅವಳು.

"ಬಾರಪ್ಪಾ ಬಾ. ಗುಡಿಸಿದ ಪೊರಕೇನ ಬೀದಿ ಬಾಗಿಲಿಗೆ ನೇತು ಹಾಕೋದನ್ನ ಯಾರು ಹೇಳಿಕೊಟ್ರು? ಹೆಡ್ವಿಗ್ ಒಂದು ದಿನ ಇಲ್ಲ ಅಂದ್ರೆ ಮನೆಗೆ ಈ ಗತೀನಾ? ಮೈಮೇಲೆ ಅಂಗೀನೂ ಇಲ್ಲ!"

"ಫ್ರೀಡಕ್ಕ, ಎರಡನೇ ಗ್ಲಾಸ್ ಕೇಳಿದ್ರು!"

"ಯಾರು?"

"ಸೈಕಲ್ಲಿನವರು!"

"ಗುಡ್ಡ ಹತ್ತಿ ಬಂದವರು ಚರಂಡಿ ನೀರು ಕೊಟ್ರೂ ಎರಡನೇ ಲೋಟ ಕೇಳ್ತಾರೆ. ಬಾಯಾರಿಕೆಗೆ ರುಚಿ ಎಲ್ಲಿಂದ ಬರ್ಬೇಕೋ?" ಎಂದಳು ಫ್ರೀಡಕ್ಕ. ಆದರೂ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಬಂದಳು. ಬೇಡವೆಂದರೂ ಬರುತ್ತಿದ್ದಳು ಬಿಡಿ.

ಅಂಗಳದಲ್ಲಿ ದಂಪತಿ ಇರಲಿಲ್ಲ. ಅವರ ಜಾಗದಲ್ಲಿ ಹಳದಿ ಅಂಗಿ ತೊಟ್ಟ ದೊಡ್ಡದೊಂದು ಸೈಕಲ್ ಸಂಘವೇ ಬೀಡುಬಿಟ್ಟಿತ್ತು. ಓಟ್ಮಾರ್ ಜಗ್ಗು ತುಂಬಿಸಿ ತಂದ. ಅವರು ಕುಡಿದರು. ಆಮೇಲೆ "ಇನ್ನೊಂದು!" ಎಂದು ಒಟ್ಟಿಗೆ ಗ್ಲಾಸು ಮುಂದೆ ಚಾಚಿದರು.

"ಕೇಳಿಸ್ತಾ ಫ್ರೀಡಕ್ಕ? ಕೇಳಿಸ್ತಾ?"

"ನನಗೆ ಕೇಳ್ಸಿ ಏನುಪಯೋಗ? ಪಂದ್ಯ ವೆಂಡೆಲಿನ್ ಜೊತೆ. ಅವನಿಗೆ ಫೋನ್ ಮಾಡು."

ಓಟ್ಮಾರ್ ಫೋನ್ ಮಾಡಿದ. ಮಾಡಿದ, ಮಾಡುತ್ತಲೇ ಇದ್ದ. ವೆಂಡೆಲಿನ್ ಎತ್ತಲಿಲ್ಲ. ವರ್ಷದಲ್ಲೇ ದೊಡ್ಡ ವ್ಯಾಪಾರದ ದಿನ, ಬಿಡುವಿಲ್ಲ ಅಂತ ಕಾಣುತ್ತದೆ ಎಂದುಕೊಂಡ. ಅಂಗಳ ಬಿಟ್ಟು ಕರೆದುಕೊಂಡು ಬರೋಣವೆಂದರೆ ಕೋಟೆ ಬಾಗಿಲಿನಿಂದ ಸೈಕಲ್ಲುಗಳು ಜೇನುಹುಳದಂತೆ ಬರುತ್ತಲೇ ಇದ್ದವು. ಬಂದವರೆಲ್ಲ ಪೊರಕೆ ಕಂಡು ಎಡಕ್ಕೆ ತಿರುಗುತ್ತಿದ್ದರು.

ಇಷ್ಟೊಂದು ಜನ ಬರಿಹೊಟ್ಟೆಯಲ್ಲಿ ಕುಡಿಯುವುದನ್ನು ಫ್ರೀಡಕ್ಕ ನೋಡಲಾರದೆ ಹೋದಳು. "ಈ ಮನೇಲಿ ತಿನ್ನೋಕೆ ಕೊಡೋ ಪದ್ಧತಿ ಇದ್ಯಾ ಇಲ್ವಾ?" ಎಂದವಳೇ ಅಡುಗೆಮನೆ ಹೊಕ್ಕು, ಹೆಡ್ವಿಗ್‌ಳ ಈರುಳ್ಳಿ, ಹೆಡ್ವಿಗ್‌ಳ ಮೊಟ್ಟೆ, ಹೆಡ್ವಿಗ್‌ಳ ಬೆಣ್ಣೆಯಲ್ಲಿ ಈರುಳ್ಳಿ ಕೇಕು ಸುಟ್ಟು, ತನ್ನದೇ ಕೈರುಚಿ ಎಂದು ಹೇಳಿಕೊಂಡು ಹಂಚತೊಡಗಿದಳು. ದುಡ್ಡು ಕೊಡಲು ಬಂದವರಿಗೆ ಓಟ್ಮಾರ್ ಕೈಮುಗಿದ. "ದುಡ್ಡು ಬೇಡ ಸ್ವಾಮಿ. ಒಂದು ಸಣ್ಣ ಉಪಕಾರ ಮಾಡಿ. ಒಬ್ಬ ದಪ್ಪ ಮನುಷ್ಯ ಬರ್ತಾನೆ. ಅವನು ಬಂದಾಗ 'ಇನ್ನೊಂದು ಗ್ಲಾಸ್' ಅಂತ ಗಟ್ಟಿಯಾಗಿ ಹೇಳಿ."

ಅಷ್ಟರಲ್ಲಿ ಇನ್ನೊಂದು ಅನಾಹುತವಾಯಿತು. ಗೋಡೆಗೆ ಒಂದರ ಮೇಲೊಂದು ಒರಗಿಸಿದ್ದ ಸೈಕಲ್ಲುಗಳಲ್ಲಿ ಮೊದಲನೆಯದನ್ನು ಯಾರೋ ಎಳೆದರು. ಕೊನೆಯದು ಬಿದ್ದದ್ದು ಫ್ರೀಡಕ್ಕನ ಜೆರೇನಿಯಂ ಕುಂಡಗಳ ಮೇಲೆ. ಅಡುಗೆಮನೆಯಿಂದ ಸೌಟು ಹಿಡಿದು ಹೊರಬಂದ ಫ್ರೀಡಕ್ಕನ ಅರಚಾಟಕ್ಕೆ ಚರ್ಚಿನ ಗೋಪುರದ ಪಾರಿವಾಳಗಳೂ ಎದ್ದವು. ಹಳದಿ ಅಂಗಿಯವರಲ್ಲಿ ಒಬ್ಬ ಕುಂಡದ ಚೂರು ಆಯ್ದು ಕೊಡುತ್ತಾ, "ಅಮ್ಮಾ, ಒಂದು ಗ್ಲಾಸ್ ತಗೊಳ್ಳಿ, ಸಮಾಧಾನ ಆಗುತ್ತೆ" ಎಂದ. ಫ್ರೀಡಕ್ಕ ಸಿಟ್ಟಿನಲ್ಲಿ ಯಾವುದೆಂದು ನೋಡದೆ ಗಟಗಟ ಕುಡಿದಳು. ಕುಡಿದು, ತುಟಿ ಚಪ್ಪರಿಸಿ, ಗ್ಲಾಸನ್ನು ತಿರುಗಿಸಿ ನೋಡಿದಳು.

"ಇದು ನಿನ್ನದಾ?"

"ನಂದೇ."

"ನೀರಿನ ಓಟ್ಮಾರನದಾ?"

"ನಂದೇ ಅಂತೀನಲ್ಲ!"

"ಇಷ್ಟು ವರ್ಷ ಪಕ್ಕದ ಮನೇಲಿದ್ದೀನಿ, ಒಂದು ದಿನ ಕುಡಿ ಅನ್ನಲಿಲ್ಲ ನೀನು. ಜಿಪುಣ!" ಎಂದು ಫ್ರೀಡಕ್ಕ ಜೆರೇನಿಯಂ ಮರೆತು ಓಟ್ಮಾರನ ಮೇಲೆ ಹರಿಹಾಯ್ದಳು. ವಾರ ವಾರ ಕುಡಿ ಎಂದಿದ್ದ ಓಟ್ಮಾರ್ ಅವಳ ಗ್ಲಾಸನ್ನು ಮತ್ತೆ ತುಂಬಿದ.

ಮಧ್ಯಾಹ್ನ ಜಾರಿತು. ಪೀಪಾಯಿಯನ್ನು ಬೆರಳಿನಿಂದ ತಟ್ಟಿದರೆ ಡಬ್ಬದ ಸದ್ದು ಬರತೊಡಗಿತು. ಈಗ ಓಟ್ಮಾರನಿಗೆ ಹೊಸ ಭಯ ಶುರುವಾಯಿತು. ವೆಂಡೆಲಿನ್ ಬರುವ ಹೊತ್ತಿಗೆ ಒಂದು ಗ್ಲಾಸಾದರೂ ಉಳಿಯದಿದ್ದರೆ? ಹೀಗಾಗಿ ಅವನು ಕೇಳಿದವರಿಗೆಲ್ಲ ಅರ್ಧರ್ಧ ಗ್ಲಾಸು, ಆಮೇಲೆ ಕಾಲು ಕಾಲು ಗ್ಲಾಸು ಹುಯ್ಯತೊಡಗಿದ. ಕೊಡುವುದು ಕಡಿಮೆಯಾದಷ್ಟೂ ಜನ ಹೆಚ್ಚೆಚ್ಚು ಹೊಗಳಿದರು. ಇದೇ ಹೊನ್ನಶೂಲ ಎಂದು ಅವನಿಗಾದರೂ ಹೇಗೆ ಗೊತ್ತಾಗಬೇಕು. ಪೊರಕೆ ಇಳಿಸಿದರೆ ಜನ ಬರುವುದು ನಿಲ್ಲುತ್ತದೆ, ಆದರೆ ಜನ ಚದುರಿದರೆ ವೆಂಡೆಲಿನ್‌ಗೆ ಕೇಳಿಸುವವರು ಯಾರು? ಪೊರಕೆ ಅಲ್ಲೇ ಇರಲಿ ಎಂದುಕೊಂಡ.

ಕೊನೆಗೂ ವೆಂಡೆಲಿನ್ ಬಂದ. ಅವನು ಫೋನು ಎತ್ತದಿದ್ದುದು ಬಿಡುವಿಲ್ಲದೆ ಅಲ್ಲ. ಅವನ ಅಂಗಳದಲ್ಲಿ ಬೆಳಗಿನಿಂದ ಒಂದು ನೊಣವೂ ಕೂತಿರಲಿಲ್ಲ, ಫೋನು ಮನೆಯಲ್ಲೇ ಬಿಟ್ಟು, ಕಾರಣ ಹುಡುಕುತ್ತ ಬೀದಿಬೀದಿ ಸುತ್ತುತ್ತಿದ್ದ. ಟ್ರ್ಯಾಕ್ಟರಿಗೆ ತಡೆ ಇದ್ದುದರಿಂದ ಸೊಸೆಯ ಹೂವಿನ ಬುಟ್ಟಿ ಕಟ್ಟಿದ ಗುಲಾಬಿ ಸೈಕಲ್ ತುಳಿದುಕೊಂಡು, ಆ ಕಡಿದಾದ ಬೀದಿ ಹತ್ತಿ, ಮುಖ ಬೀಟ್‌ರೂಟಿನಂತೆ ಮಾಡಿಕೊಂಡು ಗೇಟಿಗೆ ಬಂದು ಡಿಕ್ಕಿ ಹೊಡೆದ.

"ಓಟ್ಮಾರ್! ಯಾವನ ಅಪ್ಪಣೆ ಮೇಲೆ ಪೊರಕೆ ನೇತು ಹಾಕಿದೀಯ? ಬೆಳಗಿಂದ ನನ್ನ ಕಡೆ ಒಂದು ನರಪಿಳ್ಳೆ ಬಂದಿಲ್ಲ! ನಾಳೆ ಬೆಳಗ್ಗೇನೇ ಕಂಪ್ಲೇಂಟ್ ಕೊಡ್ತೀನಿ, ನೋಡ್ತಾ ಇರು!"

ದಪ್ಪ ಮನುಷ್ಯನನ್ನು ಕಂಡದ್ದೇ ತಡ, ಇಡೀ ಅಂಗಳ ಒಕ್ಕೊರಲಿನಿಂದ ಕೂಗಿತು: "ಇನ್ನೊಂದು ಗ್ಲಾಸ್!"

ವೆಂಡೆಲಿನ್ ಬೆಚ್ಚಿಬಿದ್ದ. "ಏನು... ಏನಿದು? ಹೇಳಿಕೊಟ್ಟು ಹೇಳಿಸ್ತಾ ಇದೀಯಾ?"

"ಕುಡಿದು ನೋಡಿ ಮಾತಾಡು," ಎಂದಳು ಫ್ರೀಡಕ್ಕ, ಸೊಂಟದ ಮೇಲೆ ಕೈಯಿಟ್ಟು. "ಯಾಕೆ, ಹೆದರಿಕೆನಾ?"

ಊರವರೆದುರು, ಪರವೂರವರೆದುರು ಹೆದರಿಕೆ ಎನ್ನಿಸಿಕೊಳ್ಳುವವನಲ್ಲ ವೆಂಡೆಲಿನ್. ಓಟ್ಮಾರ್ ಪೀಪಾಯಿಯನ್ನು ಓರೆ ಮಾಡಿ, ಒಂದು ಗ್ಲಾಸು ತುಂಬಿಸಿ ತಂದ. ವೆಂಡೆಲಿನ್ ಮೂಗು ಹಿಡಿದುಕೊಂಡು ಒಂದು ಗುಟುಕು ನುಂಗಿದ. ಮೂಗು ಬಿಟ್ಟ. ಇನ್ನೊಂದು ಗುಟುಕು. ಆಮೇಲೆ ಯಾರನ್ನೂ ನೋಡದೆ ಗ್ಲಾಸು ಖಾಲಿ ಮಾಡಿದ.

"ಇನ್ನು ಸ್ವಲ್ಪ... ಇದ್ಯಾ?" ಎಂದ ಮೆತ್ತಗೆ.

ಚಪ್ಪಾಳೆ, ಶಿಳ್ಳೆ, ಸೈಕಲ್ ಗಂಟೆಗಳ ಗಣಗಣ ಸದ್ದು! ಓಟ್ಮಾರ್ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತ. ಅಪ್ಪನ ತಾಕು ಉಳಿಯಿತು.

ವೆಂಡೆಲಿನ್ ಅವನ ಪಕ್ಕದಲ್ಲೇ ಕೂತ. ಸಿಟ್ಟಿಳಿದ ಮುಖ ಹತ್ತು ವರ್ಷ ಮುದಿಯಾದಂತೆ ಕಾಣುತ್ತಿತ್ತು. "ಸೋತೆ ಕಣೋ. ತಾಕು ನಿಂದೇ, ಇನ್ನು ಆ ಮಾತಿಲ್ಲ. ಆದ್ರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ. ಇದರ ಮುಂದೆ ನನ್ನ ವೈನು ಪಾತ್ರೆ ತೊಳೆದ ನೀರು. ಸತ್ಯ ಹೇಳು, ಹೇಗೆ ಮಾಡ್ದೆ?"

"ಏನೂ ಮಾಡಲ್ಲ," ಎಂದ ಓಟ್ಮಾರ್ ಪ್ರಾಮಾಣಿಕವಾಗಿ. ಅವನ ಮಟ್ಟಿಗೆ ಅದು ನಿಜವೂ ಹೌದು. "ಹಿಂಡ್ತೀನಿ, ಪೀಪಾಯಿಗೆ ಹುಯ್ತೀನಿ, ಮುಚ್ತೀನಿ. ಆಮೇಲೆ ಅದರ ತಂಟೆಗೇ ಹೋಗಲ್ಲ. ಮೀಟರ್ ಓದೋಕೆ ಹೋಗ್ತೀನಿ."

"ಅಳೆಯೋದು, ಸೋಸೋದು, ಹುದುಗು ಬರೋದಕ್ಕೆ ಪುಡಿ ಹಾಕೋದು?"

"ಯಾವುದೂ ಇಲ್ಲ."

"ನೋಡಿದ್ರಾ!" ಎಂದು ವೆಂಡೆಲಿನ್ ಮೇಜು ಗುದ್ದಿದ. "ನಾನು ಹಗಲೂ ರಾತ್ರಿ ಅದರ ಮೂತಿ ಹತ್ರಾನೇ ಕೂತಿರ್ತೀನಿ. ಅದಕ್ಕೇ ಹಾಳಾಗ್ತಿದೆ! ಕೇಳ್ರಪ್ಪಾ ಎಲ್ಲರೂ. ಈ ವರ್ಷ ನನ್ನ ಅಷ್ಟೂ ದ್ರಾಕ್ಷಿ ಓಟ್ಮಾರನ ಪದ್ಧತಿ. ಇವನೇ ನನಗೆ ಗುರು. ಇವನು ಹೇಳಿದ ಹಾಗೆ ಮಾಡ್ತೀನಿ, ಇವನು ಬೇಡ ಅಂದಿದ್ದು ಮಾಡಲ್ಲ. ಕೈ ಕೊಡು ಓಟ್ಮಾರ್!"

ಜೀವನದಲ್ಲಿ ಮೊದಲ ಸಲ ಗುರು ಎನ್ನಿಸಿಕೊಂಡವನು ಹಿಂದುಮುಂದು ನೋಡುತ್ತಾನೆಯೇ? ಓಟ್ಮಾರ್ ಎದೆಯುಬ್ಬಿಸಿ ಊರೆಲ್ಲ ನೋಡುವಂತೆ ಕೈ ಕೊಟ್ಟ. ವೆಂಡೆಲಿನ್ ಓಟ್ಮಾರನ ಫೋನಿನಿಂದಲೇ ಮಗನಿಗೆ ಹಚ್ಚಿ, ಪುಡಿ ಪೊಟ್ಟಣಗಳನ್ನೆಲ್ಲ ಹೊಳೆಗೆ ಎಸೆಯಲು ಹೇಳಿದ.

ಬಿಸಿಲು ಇಳಿಯುವ ಹೊತ್ತಿಗೆ ಹೆಡ್ವಿಗ್ ಸೈಕಲ್ ತುಳಿದುಕೊಂಡು ಬಂದಳು. ಅಂಗಳ, ಒಡೆದ ಕುಂಡಗಳು, ತನ್ನ ಅಡುಗೆಮನೆಯ ಫ್ರೀಡಕ್ಕ, ಬನಿಯನ್ನಿನಲ್ಲಿ ಮಹಾರಾಜನಂತೆ ಕೂತ ಗಂಡ, ಎಲ್ಲವನ್ನೂ ಒಂದು ಸುತ್ತು ನೋಡಿದಳು. ಓಟ್ಮಾರ್ ಅವಳ ಕೈಹಿಡಿದು ನೆಲಮಾಳಿಗೆಗೆ ಎಳೆದುಕೊಂಡು ಹೋದ.

"ಹೆಡ್ವಿಗ್, ಗೆದ್ದೆ! ಪೀಪಾಯಿ ಪೂರ್ತಿ ಖಾಲಿ! ವೆಂಡೆಲಿನೇ ಎರಡನೇ ಗ್ಲಾಸ್ ಕೇಳ್ದ! ನನ್ನ ವೈನು ನೋಡು, ನನ್ನ ವೈನು!"

ಹೆಡ್ವಿಗ್ ಬರಿದಾದ ಪೀಪಾಯಿಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು. ಸಂತೋಷಕ್ಕೆ ಎಂದುಕೊಂಡ ಓಟ್ಮಾರ್.

"ಸಿಟ್ಟು ಮಾಡ್ಕೋಬೇಡ," ಎಂದಳು. "ನಿನ್ನದು ಪ್ರತಿ ಕ್ರಿಸ್‌ಮಸ್ ಹೊತ್ತಿಗೆ ವಿನೆಗರ್ ಆಗಿಬಿಡುತ್ತೆ. ಸಂಜೆ ನೀನು ಮೊದಲ ಗುಟುಕು ಕುಡಿದು, ಚೆನ್ನಾಗಿದೆ ಅಂತ ನಿನಗೆ ನೀನೇ ಹೇಳ್ಕೊಳೋದು ನನ್ನಿಂದ ನೋಡೋಕೆ ಆಗ್ತಿರಲಿಲ್ಲ. ಅದಕ್ಕೇ ನೀನು ಮೀಟರ್ ಓದೋಕೆ ಹೋದಾಗ ನಿನ್ನದನ್ನ ಚೆಲ್ಲಿ, ಬೇರೆ ತುಂಬಿಸಿಡ್ತೀನಿ. ಯಾರೂ ಮುಟ್ಟಲ್ವಲ್ಲ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

"ಬೇರೆ ಅಂದ್ರೆ? ಯಾರದು?"

"ವೆಂಡೆಲಿನ್‌ದು. ತಂಗಿ ಅವಳ ಹೆಸರಲ್ಲಿ ತರಿಸ್ಕೊಡ್ತಾಳೆ."

ಓಟ್ಮಾರ್ ಗೋಡೆಗೆ ಒರಗಿದ. "ಅವನು ಅವನದ್ದನ್ನೇ ಪಾತ್ರೆ ತೊಳೆದ ನೀರು ಅಂದನಲ್ಲೇ."

"ಅವನು ಹಾಗೆ ಅಂದ್ರೆ ಅನ್ಲಿ ಬಿಡು. ತಾಕಂತೂ ಉಳೀತಲ್ಲ. ನಾವು ಬಾಯಿ ಮುಚ್ಕೊಂಡಿದ್ರೆ ಆಯ್ತು. ಮುಂದಿನ ವರ್ಷವೂ ಅವನದ್ದೇ ತುಂಬಿಸಿಟ್ರಾಯ್ತು."

ಆಗ ಓಟ್ಮಾರ್ ವೆಂಡೆಲಿನ್‌ಗೆ ಕೈ ಹಿಡಿದು ಮಾತು ಕೊಟ್ಟ ಸಂಗತಿ ಹೇಳಿದ. ಅಷ್ಟೂ ದ್ರಾಕ್ಷಿ, ಗುರು, ಹೊಳೆ ಸೇರಿದ ಪೊಟ್ಟಣ, ಎಲ್ಲ. ಹೇಳುತ್ತಾ ಹೇಳುತ್ತಾ ಅವನ ಧ್ವನಿ ಸಣ್ಣಗಾಯಿತು. ನಿಜ ಒಪ್ಪಿಕೊಂಡರೆ ಅಪ್ಪನ ತಾಕು ಹೋಯಿತು, ಊರಿನ ನಗೆಪಾಟಲು ಬೇರೆ. ಒಪ್ಪಿಕೊಳ್ಳದಿದ್ದರೆ ಆ ಊದಿದ ಮೊಣಕಾಲಿನಲ್ಲಿ ಗುಡ್ಡ ಹತ್ತಬೇಕು, ಹತ್ತಿ ಇಡೀ ಸೀಮೆಯ ವೈನನ್ನು ವಿನೆಗರ್ ಮಾಡಬೇಕು. ಅತ್ತ ದರಿ, ಇತ್ತ ಪುಲಿ.

ಹೆಡ್ವಿಗ್ ಎಲ್ಲ ಕೇಳಿದಳು. ಕಣ್ಣೊರೆಸಿಕೊಂಡಳು. "ಅವನೂ ನಿನ್ನ ಹಾಗೆ ಮಾಡಿದ್ರೆ, ಮುಂದಿನ ವರ್ಷ ನಿನ್ನ ವೈನು ನಾನು ಎಲ್ಲಿಂದ ತರ್ಲಿ?"

ಮೇಲೆ ಅಂಗಳದಿಂದ ವೆಂಡೆಲಿನ್ ಕೂಗುತ್ತಿದ್ದ: "ಗುರುಗಳೇ! ನಾಳೆ ಬೆಳಕು ಹರಿಯೋ ಮುಂಚೆ ಬಂದುಬಿಡಿ. ನೀವು ಪಕ್ಕದಲ್ಲಿ ನಿಂತಿರಿ ಸಾಕು, ನಾನು ಏನೂ ಮಾಡಲ್ಲ!"